ಎಡ ಮಣಿಕಟ್ಟು

ಪಾಸ್‌ಪೋರ್ಟಿನ ಪ್ರಕಾರ ಇಪ್ಪತ್ನಾಲ್ಕು.
ಹೆಸರು ರೇಷ್ಮಾ. ಉದ್ಯೋಗ: ಕಲಾವಿದೆ.
ಮಾವ ಅಂತ ಹೇಳಿಕೊಂಡವನು ಠಾಣೆಯಲ್ಲಿ ಕೂತು
ಇದನ್ನೇ ಮೂರು ಸಲ ಹೇಳಿದನಂತೆ,
ಮೂರು ಸಲವೂ ನಗುತ್ತ.
ಲೆಫ್ಟಿನೆಂಟ್ ಮೌಝಾ ಚೀಟಿ ಚಾಚಿದರು:
ಎಡ ಮಣಿಕಟ್ಟು, ಒಂದು ಚಿತ್ರ. ವಯಸ್ಸು ಗೊತ್ತಾಗಬೇಕು.

ಹದಿನೆಂಟು ವರ್ಷ ಮನಾಮಾದ ಈ ಕತ್ತಲ ಕೋಣೆಯಲ್ಲಿ
ಜನರ ಒಳಗನ್ನು ನೋಡಿ ಸಂಬಳ ಎಣಿಸಿದವಳು ನಾನು.
ಸಾರವೆಯಿಂದ ಬಿದ್ದವರ ಬೆನ್ನು,
ಸಿಮೆಂಟು ಕುಡಿದ ಶ್ವಾಸಕೋಶ,
ಯಾರದೋ ಮಗ ನುಂಗಿದ ನೂರು ಫಿಲ್ಸಿನ ನಾಣ್ಯ.
ಎಲುಬಿಗೆ ಭಾಷೆಯಿಲ್ಲ ಅಂದುಕೊಂಡಿದ್ದೆ.

ಸೀಸದ ಏಪ್ರನ್ ಹೆಗಲಿಗೆ ಹಾಕಿ ಕಟ್ಟಿದೆ.
ಆರು ಕಿಲೋ; ಎಲ್ಲರೂ ಗೊಣಗುತ್ತಾರೆ.
ಇವಳು ಉಸಿರು ಬಿಟ್ಟಳು, ನಿಧಾನ,
ಹೊತ್ತ ಮೂಟೆ ಇಳಿಸಿದವರ ಹಾಗೆ.
"ಯವ್ವಾ," ಅಂದಳು, ತನಗೇ.

ಕನ್ನಡ ಬರ್ತದಾ ನಿಂಗೆ?
ಮನೆಯಲ್ಲಿ ಕೊಂಕಣಿ ಆಡುವ ನನ್ನ ಬಾಯಿಯ
ಕಿನ್ನಿಗೋಳಿ ಶಾಲೆಯ ಕನ್ನಡ.
ಅವಳ ಕಣ್ಣು ಬಾಗಿಲಿಗೆ ಹೋಯಿತು,
ಬಾಗಿಲ ಗಾಜಿಗೆ, ಗಾಜಿನಾಚೆ ಮೌಝಾರ ಟೋಪಿಗೆ,
ಮರಳಿ ನನಗೆ.
"ಖರೇ ಹೆಸರ ಹೇಳಿದ್ರ ಬಡೀತಾರ್ರಿ."

ಹಾಗಾದರೆ ಬೇಡ. ಬೆರಳು ಅಗಲಿಸು. ಅಲ್ಲಾಡಬೇಡ.

ಪರದೆಯ ಮೇಲೆ ಕೈ ಮೂಡಿತು.
ಉಗುರಿಗೆ ಬಳಿದ ಕೆಂಪು ಅಲ್ಲಿ ಕಾಣುವುದಿಲ್ಲ,
ಬಾಯಿಪಾಠ ಮಾಡಿಸಿದ ಹುಟ್ಟಿದ ತಾರೀಖೂ ಇಲ್ಲ.
ಮುಂಗೈಯ ಎರಡು ಎಲುಬು, ತುದಿಗಿಟ್ಟ ಎರಡು ಬಿಲ್ಲೆ,
ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ.
ಆ ಗೆರೆ ಇರುವ ತನಕ ಮಗು ಬೆಳೆಯುತ್ತಿರುತ್ತದೆ.
ಇಪ್ಪತ್ನಾಲ್ಕಕ್ಕೆ ಅದು ಮುಚ್ಚಿಹೋಗಿ ಎಷ್ಟೋ ವರ್ಷ.

ಡಾಕ್ಟರ್ ಇಜ್ಜೆಲ್ದೀನ್ ದಪ್ಪ ಪುಸ್ತಕ ತೆರೆದು
ಪುಟಕ್ಕೆ ಕೈ, ಕೈಗೆ ಪುಟ ಹೊಂದಿಸಿ ಬರೆದರು:
ಹದಿನಾಲ್ಕು. ಒಂದು ವರ್ಷ ಹೆಚ್ಚು ಕಡಿಮೆ.
"ಆ ಹೆಚ್ಚು ಕಡಿಮೆಯ ಸಂದಿಯಲ್ಲೇ," ಎಂದರು ಮೌಝಾ,
"ಅವನ ವಕೀಲ ಕುರ್ಚಿ ಹಾಕಿ ಕೂರುತ್ತಾನೆ, ನೋಡುತ್ತಿರಿ.
ಹೆಚ್ಚಿಗೇ ಹಿಡಿದರೂ ಹದಿನೈದು.
ಇನ್ನೊಂದು ಪ್ರತಿ ಕೊಡಿ. ಅಲ್ಲ, ಮೂರು ಕೊಡಿ."

ನೀರು ಕೊಟ್ಟೆ. ಕೇಳದೆಯೇ ಹುಡುಗಿ ಹೇಳಿದಳು:
"ಹ್ವಾದ ಚಳಿಗಾಲದಾಗ ಒಂದ್ ರಾತ್ರಿ
ಕೆಳಗಿಂದ ಕನ್ನಡ ಹಾಡ ಕೇಳಿಸಿತ್ರಿ.
ಮಂದಿ ಚಪ್ಪಾಳಿ ತಟ್ಟಿದ್ರು.
ಜ್ವರ ಬಂದಿತ್ತು ನಂಗ.
ಅದಕ್ಕ ಹಂಗ ಕೇಳಾಕತ್ತೈತಿ ಅನಕೊಂಡೆ."

ಯಾವ ಹೋಟೆಲೆಂದು ಕೇಳಬೇಕಿರಲಿಲ್ಲ; ಚೀಟಿಯಲ್ಲಿತ್ತು.
ನವೆಂಬರಿನ ಎರಡನೇ ಶುಕ್ರವಾರ, ನೆಲಮಹಡಿಯ ಸಭಾಂಗಣ,
ಹಳದಿ ಕೆಂಪು ಶಾಲು, ತಲೆಗೆ ಏಳು ದಿನಾರು.
ಸಮೂಹಗಾನದಲ್ಲಿ ನಾನು ಎಡದಿಂದ ಮೂರನೆಯವಳು.
ದನಿ ಸಾಲದು, ಇನ್ನೂ ಎತ್ತರಿಸಿ ಎಂದಿದ್ದರು ಅಧ್ಯಕ್ಷರು.
ಎತ್ತರಿಸಿದ್ದೆವು.
ಹಾಡು ಐದನೇ ಮಹಡಿ ಹತ್ತಿತು.
ನಾವ್ಯಾರೂ ಹತ್ತಲಿಲ್ಲ.
ಒಬ್ಬಟ್ಟು ತುಂಬ ಮೆತ್ತಗಿತ್ತು
ಎಂದು ರಾತ್ರಿ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ನೆನಪಿದೆ.

ಏಪ್ರನ್ ಬಿಚ್ಚಲು ಹೋದರೆ ಅಂಚು ಹಿಡಕೊಂಡಳು.
"ಇನ್ನೊಂದ್ ಸ್ವಲ್ಪ ಇರ್ಲಿ ತಡೀರಿ."
ಹೊರಗೆ ಹನ್ನೆರಡು ಜನ ಕಾಯುತ್ತಿದ್ದರು,
ಕೆಮ್ಮುವವನೊಬ್ಬ, ಕಾಲು ಊದಿದ ಅಡುಗೆಯವಳೊಬ್ಬಳು.
ಇರಲಿ ಎಂದೆ.

"ಆ ಗೆರಿ ಏನ್ರಿ, ಮುರದೈತೇನು?"
ಮುರಿದಿಲ್ಲ ಮಗಾ. ಅದು ಬೆಳೆಯುವ ಜಾಗ.

ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು
ತನ್ನ ಕೈಯ ಮುಂದೆ.
"ದ್ಯಾಮವ್ವ," ಎಂದಳು
ಪರದೆಗೆ, ನನಗಲ್ಲ.
ಕೇಳಿಸಿತು. ಬರೆದುಕೊಳ್ಳಲಿಲ್ಲ.
ಹೇಳಬೇಕೆನಿಸಿದಾಗ
ಅವಳೇ ಹೇಳಲಿ.