ಮೂರಡಿ

ಐದೂವರೆಗೆ ನಾನು ಷೆಡ್ಡಿನ ಬೀಗ ತೆಗೆಯುವ ಹೊತ್ತಿಗೆ
ಎಫಿ ಮೇರ್ ಆಗಲೇ ಗ್ರೀನಿನ ಮೇಲೆ ಬಗ್ಗಿ ನಿಂತಿರುತ್ತಾಳೆ.
ಉತ್ತರ ಸಮುದ್ರದ ಗಾಳಿ ಕೋಟಿನೊಳಗೆ ಹೊಕ್ಕು
ಅವಳ ಬೆನ್ನನ್ನು ಹಾಯಿಯಂತೆ ಉಬ್ಬಿಸಿರುತ್ತದೆ.
ಹುಲ್ಲು ಕತ್ತರಿಸುವ ಮುಂಚೆ ಯಾರೂ ಕಾಲಿಡಕೂಡದು,
ಕ್ಲಬ್ಬಿನ ನಿಯಮ.
ನಾನು ನೋಡಿಲ್ಲ, ಅನ್ನುತ್ತೇನೆ.
ಶುಕ್ರವಾರ ನನ್ನ ಮೆಷೀನಿನ ಸೀಟಿನ ಮೇಲೆ
ಕಾಗದದಲ್ಲಿ ಸುತ್ತಿದ ಎರಡು ಹೊಗೆಮೀನು.
ಅದನ್ನೂ ನೋಡಿಲ್ಲ.

ಮೊದಲು ಎರಡು ಟೀ ಚುಚ್ಚುತ್ತಾಳೆ, ಬಾಗಿಲವಾಡದ ಹಾಗೆ,
ಪಟರಿನ ತಲೆ ನುಸುಳಲು
ಆಚೆಗೊಂದು ಕಾಳಿನಷ್ಟು ಈಚೆಗೊಂದು ಕಾಳಿನಷ್ಟು ಬಿಟ್ಟು.
ಹಿಂದಕ್ಕೆ. ಮುಂದಕ್ಕೆ.
ತಾಗಿದರೆ ಟಿಕ್ ಅನ್ನುತ್ತದೆ. ಟಿಕ್ ಅಂದರೆ ಲೆಕ್ಕ ಸೊನ್ನೆ.
ಇಪ್ಪತ್ತೈದು ಮುಟ್ಟದೆ ಕೆಲಸಕ್ಕೆ ಹೋಗುವಂತಿಲ್ಲ.
ಹದಿನೆಂಟರಲ್ಲಿ ಟಿಕ್. ಇಪ್ಪತ್ತಮೂರರಲ್ಲಿ ಟಿಕ್.
ಆಗ ಬರುವ ಬೈಗುಳ ಅವಳಪ್ಪ ದೋಣಿಯಲ್ಲಿ ಕಲಿತದ್ದು.

ಹೋದ ಸೆಪ್ಟೆಂಬರಿನ ಫೈನಲ್ಲು, ಹದಿನೆಂಟನೇ ಕುಳಿ, ಮೂರಡಿ ದೂರ.
ಅರ್ಧ ಊರು ಕಲ್ಲುಗೋಡೆಯ ಮೇಲೆ ಕೂತಿತ್ತು.
ಮೂವತ್ತೊಂದು ವರ್ಷ ಹ್ಯಾಡಕ್ ಸೀಳಿದ ಕೈ,
ಬೆಣ್ಣೆಯಿಂದ ಕೂದಲೆಳೆದಂತೆ ಮುಳ್ಳು ತೆಗೆಯುವ ಕೈ,
ಅವತ್ತು ಅದುರಿತು.
ಚೆಂಡು ಅಂಚನ್ನು ನೆಕ್ಕಿ, ಒಳಗೆ ಇಣುಕಿ, ಹೊರಗೇ ನಿಂತಿತು.
ಕೈಗೆ ಬಂದ ತುತ್ತು, ಅಂದರು ಯಾರೋ,
ಉಳಿದದ್ದನ್ನು ಗಾಳಿಗೆ ಬಿಟ್ಟು.
‘ಚಾಕು ನನ್ನ ಏನೂ ಕೇಳಲ್ಲ,’ ಅಂದಳು ಆಮೇಲೆ, ಷೆಡ್ಡಿನ ಹಿಂದೆ,
‘ಇದು ಕೇಳುತ್ತೆ. ನಿಜವಾಗ್ಲೂನಾ, ಅಂತ.’

ಟೀ ಮುಗಿದ ಮೇಲೆ ನಾಣ್ಯ.
ಹತ್ತು ಪೆನ್ಸು, ಅದರ ಮೇಲೆ ಚೆಂಡು.
ಚೆಂಡು ಹೋದ ಮೇಲೂ ನಾಣ್ಯವನ್ನೇ ನೋಡುತ್ತಿರಬೇಕು,
ಕಿವಿ ಹೇಳುವ ತನಕ ತಲೆ ಎತ್ತಬಾರದು.
ಬಿದ್ದರೆ, ಟೊಕ್.
ಬೀಳದಿದ್ದರೆ, ಬರೀ ಸಮುದ್ರ.

ಕೊನೆಗೆ ಕಣ್ಣು ಮುಚ್ಚಿ ಆಡುತ್ತಾಳೆ.
ಬಿಡುವ ಮುಂಚೆ ತೀರ್ಪು ಹೇಳಬೇಕು, ಗಟ್ಟಿಯಾಗಿ:
‘ಎಡಕ್ಕೆ, ಎರಡು ಬೆರಳು.’
ಬಿಟ್ಟರೆ, ಎಡಕ್ಕೆ ಎರಡು ಬೆರಳೇ.
ತನ್ನ ತಪ್ಪನ್ನು ಸರಿಯಾಗಿ ಹೇಳಿದ ದಿನ
ಕಪ್ ಗೆದ್ದವರಿಗಿಂತ ಜಾಸ್ತಿ ನಗುತ್ತಾಳೆ.

ಅವಳ ಸೈಕಲ್ಲು ಬಂದರಿನ ಕಡೆ ಇಳಿದ ಮೇಲೆ
ಗ್ರೀನು ನನಗೆ ಸಿಗುತ್ತದೆ.
ಇಬ್ಬನಿಯ ಮೇಲೆ ಚೆಂಡುಗಳು ಬಿಟ್ಟುಹೋದ ಗೆರೆಗಳು,
ಸ್ಲೇಟಿನಲ್ಲಿ ಒಂದೇ ಅಕ್ಷರ ತಿದ್ದಿದ ಮಗುವಿನ ಹಾಗೆ
ಗೆರೆಯ ಮೇಲೆ ಗೆರೆ, ದಪ್ಪಗೆ,
ಮತ್ತೆ ಅಲ್ಲಲ್ಲಿ ಒಂಟಿಯಾಗಿ ಬಾಗಿದವು, ದಾರಿ ಬಿಟ್ಟವು.
ಓದುತ್ತೇನೆ: ಇವತ್ತು ಬಲಗೈ ಅವಸರಪಟ್ಟಿದೆ.
ಆಮೇಲೆ ಬ್ಲೇಡು ಇಳಿಸಿ ಎಲ್ಲ ಅಳಿಸುತ್ತೇನೆ.
ಅದಕ್ಕೇ ನನಗೆ ಸಂಬಳ.

ಇವತ್ತು ಅವಸರದಲ್ಲಿ ನಾಣ್ಯ ಮರೆತು ಹೋಗಿದ್ದಳು.
ಬ್ಲೇಡಿಗೆ ಸಿಕ್ಕಿದ್ದರೆ ಹಲ್ಲು ಮುರಿದು,
ಸಮಿತಿಗೆ ನಾನೇನು ಹೇಳಬೇಕಿತ್ತು?
ಇಂಜಿನ್ ಆರಿಸಿ, ಬಗ್ಗಿ, ಹಾಗೇ ಒಂದು ಕ್ಷಣ ನಾಣ್ಯ ನೋಡಿದೆ.
ಚೆಂಡಿರಲಿಲ್ಲ. ಆದರೂ ಕಿವಿ ಕಾಯಿತು.

ಮೂರಡಿ. ಕೇಳುವಾಗ ಎಷ್ಟು ಚಿಕ್ಕ ನೆಲ.
ಅಳೆಯಲು ನಿಂತವರಿಗೆ ಗೊತ್ತು.

ಶನಿವಾರ, ಕುಳಿ ಬದಲಿಸುವ ದಿನ.
ಹಳೆಯದನ್ನು ಮಣ್ಣಿನ ಬಿಲ್ಲೆಯಿಂದ ಮುಚ್ಚಿ ತುಳಿದೆ,
ಅವಳು ಒಂದು ವಾರ ಕಲಿತದ್ದೂ ಅದರಡಿ ಹೋಯಿತು.
ಹೊಸದನ್ನು ಕೊರೆದೆ, ಸಮುದ್ರದ ಕಡೆ, ಇಳಿಜಾರಿನಲ್ಲಿ.
ಅಲ್ಲಿಂದ ಒಂದು ಬೂಟು, ಇನ್ನೊಂದು ಬೂಟು, ಮತ್ತೆ ಮೊದಲಿನ ಬೂಟು ಇಟ್ಟು
ನಾಣ್ಯವನ್ನು ಹುಲ್ಲಿನೊಳಗೆ ಒತ್ತಿದೆ,
ಕಷ್ಟದ ಕಡೆಗೇ.