ಅರ್ಧ ಮೀಟರಿನ ಕೆಳಗೆ

ಹೊಯಿಗೆಬಜಾರಿನ ಮುಚ್ಚಿದ ಹಂಚಿನ ಕಾರ್ಖಾನೆಯಲ್ಲಿ
ಅರ್ಧ ಮಾಡು ಹಾರಿಹೋದ ಚಾವಡಿಯೇ ನಮ್ಮ ತರಗತಿ.
ಹದಿನೇಳು ಮಂದಿ, ಹದಿನೈದು ಕುರ್ಚಿ.
ಉಳಿದವರು ನಾನು, ಜುಲೈಕಾ:
ಒಡೆಯದೆ ಉಳಿದ ಹಂಚಿನ ಅಟ್ಟಿಯ ಮೇಲೆ.
ಒಂದೊಂದರ ಬೆನ್ನಿಗೂ ಕೊಕ್ಕರೆಯ ಮುದ್ರೆ.
ಅಮ್ಮ ಇಪ್ಪತ್ತು ವರ್ಷ ತಲೆಯಲ್ಲಿ ಹೊತ್ತ ಕೊಕ್ಕರೆಗಳು
ಯಾವ ಯಾವ ಊರಿನ ಮನೆಗಳ ಮೇಲೆ ಕೂತಿವೆಯೋ!
ನಮ್ಮ ಮನೆಯ ಮೇಲೆ ಮಾತ್ರ ತಗಡು.

ಜಸಿಂತಾ ಟೀಚರ್ ಕರಿಹಲಗೆಗೆ ನಕ್ಷೆ ಅಂಟಿಸಿದರು.
ತೊಂಬತ್ತಾರು ಮನೆ, ಕೈಗೆಟಕುವ ಕಂತು.
ಪಟ್ಟಿಯಲ್ಲಿ ನನ್ನದು ನಲವತ್ತೊಂದನೆಯ ಹೆಸರು.
"ಗೋಡೆಗೆ ಮೊದಲು ಮಣ್ಣಿನ ಜಾತಕ ನೋಡಬೇಕು" ಎಂದರು.
"ಕುಜದೋಷ ಉಂಟೋ?" ಐತಪ್ಪಣ್ಣ ಹಿಂದಿನಿಂದ.
ನಕ್ಕೆವು. ಆಗ ಇನ್ನೂ ನಗು ಅಗ್ಗ.

ಒಂದು ತಿಂಗಳಲ್ಲಿ ಏನೇನೋ ತಲೆಗೆ ಹೋಯಿತು.
ಮುರಕಲ್ಲಿಗೆ ಸುಣ್ಣದ ಗಾರೆ ಸಾಕು, ಅದು ಉಸಿರಾಡುತ್ತದೆ;
ಸ್ಲ್ಯಾಬಿನ ಹೊಟ್ಟೆಯೊಳಗೆ ಹಳೇ ಹಂಚು ಮಲಗಿಸಿದರೆ
ಸಿಮೆಂಟು ಉಳಿಯುತ್ತದೆ, ಮೇ ತಿಂಗಳ ಸೆಕೆಯೂ ಸ್ವಲ್ಪ ಸೋಲುತ್ತದೆ
(ಅಮ್ಮನ ಕೊಕ್ಕರೆ ಕೊನೆಗೂ ನಮ್ಮ ಮನೆಗೆ, ಕಾಣದ ಹಾಗೆ);
ಪಡುಗಾಳಿಗೆ ಕಿಟಕಿ, ಮಳೆಗೆ ಉದ್ದ ಇಳಿಮಾಡು.
ಮತ್ತೆ ಬೈರಿಗೆ: ತಿರುಪಿ ಇಳಿಸು, ಅರ್ಧ ಮೀಟರಿಗೆ ನಿಲ್ಲಿಸು,
ಮಣ್ಣು ಚೀಲಕ್ಕೆ, ಚೀಲಕ್ಕೆ ಚೀಟಿ, ಬರಿಗೈ ತಾಗಿಸಬೇಡ.
ಸೀಸೆ ನಮಗೆ ಗೊತ್ತಿತ್ತು. ಸೀಸ ಗೊತ್ತಿರಲಿಲ್ಲ.

ನಕ್ಷೆಯ ಬಡಗು ಮೂಲೆಯಲ್ಲಿ ಅಂಗನವಾಡಿ,
ಹಸಿರು ಪೆನ್ನಿನಲ್ಲಿ ಬಿಡಿಸಿದ ಉಯ್ಯಾಲೆ.
ಅಲ್ಲಿಗೆ ಬಂದಾಗ ಐತಪ್ಪಣ್ಣ ಬೀಡಿ ಹೊತ್ತಿಸಿದ, ಎಳೆಯಲಿಲ್ಲ.
ನಾವು ಎರಡು ಕಡೆ ಚುಚ್ಚಿದೆವು. ಬರೀ ಆವೆಮಣ್ಣು.
ಆತ ಎದ್ದು ಬಂದು ನನ್ನ ಕೈಯಿಂದ ಬೈರಿಗೆ ತೆಗೆದುಕೊಂಡ.
"ಅಲ್ಲಲ್ಲ. ಚಿಮಿಣಿಗೆ ನೇರ, ಇನ್ನೂ ನಾಲ್ಕು ಹೆಜ್ಜೆ."
ಅಳೆಯದೆ ನಡೆದ,
ಕತ್ತಲಲ್ಲಿ ತನ್ನ ಮನೆಯ ಬಚ್ಚಲಿಗೆ ಹೋಗುವವನ ಹಾಗೆ.

"ಕಾರ್ಖಾನೆ ನಿಂತ ಮೇಲೆ ಇಲ್ಲಿ ಗುಜರಿ ಇತ್ತಲ್ಲ,
ರಾತ್ರಿ ಪಾಳಿ ನನ್ನದು. ಲಾರಿಯ ಬ್ಯಾಟರಿ.
ಬೊಂಡ ಕೆತ್ತಿದ ಹಾಗೆ ಕೆತ್ತುವುದು, ನೀರು ಇಲ್ಲೇ ಚೆಲ್ಲುವುದು,
ತಿರುಳು ಧಣಿಗೆ."
ಬೈರಿಗೆ ಕಿರ್ರೆಂದಿತು. ಕಪ್ಪು ಮಣ್ಣು, ನಡುವೆ ಪ್ಲಾಸ್ಟಿಕ್ಕಿನ ಚೂರು.
"ಸಣ್ಣವ ಇಲ್ಲೇ ಆಡಿಕೊಂಡಿರುತ್ತಿದ್ದ," ಅಂದ,
"ಅವನಮ್ಮ ನಸುಕಿಗೇ ಧಕ್ಕೆಗೆ ಹೋದರೆ."
ಸಣ್ಣವನಿಗೆ ಈಗ ಇಪ್ಪತ್ತಾರು. ಅಂಗಡಿಗೆ ಕಳಿಸಿದರೆ
ಚಿಲ್ಲರೆ ಎಣಿಸಲು ಬರುವುದಿಲ್ಲ. ನಮಗೆಲ್ಲ ಗೊತ್ತು.
ಯಾರೂ ಆ ಎರಡು ಮಾತನ್ನು ಪಕ್ಕಪಕ್ಕ ಇಡಲಿಲ್ಲ.

ಟೀಚರ್ ಚೀಲದ ಬಾಯಿ ಕಟ್ಟಿ, ಚೀಟಿ ಬರೆಯಲು ಅವನಿಗೇ ಕೊಟ್ಟರು.
ಗುಂಡಿ ಮೂರು. ಆಳ ಅರ್ಧ ಮೀಟರು. ತೆಗೆದವರು ಐತಪ್ಪ.
ದಪ್ಪ ದಪ್ಪ ಅಕ್ಷರ, ಠಾಣೆಯಲ್ಲಿ ಬರೆದುಕೊಟ್ಟ ಹಾಗೆ.

ಆ ರಾತ್ರಿ ಉಗುರಿನ ಸಂದು ಮೂರು ಸಲ ಉಜ್ಜಿದೆ.
ಆತ ಎಂಟು ವರ್ಷ ಉಜ್ಜಿದ್ದು ಯಾವ ಸಾಬೂನಿನಲ್ಲೋ.

ವರದಿ ಬರಲು ಆರು ವಾರ. ಅಂಕಿ ಓದುವಾಗ
ಟೀಚರ್ ಒಮ್ಮೆ ನಿಂತು ನೀರು ಕುಡಿದರು.
ಮೂಲೆಯ ಮಣ್ಣು ಪೂರ್ತಿ ತೆಗೆಯಬೇಕಂತೆ,
ಎರಡು ಮಳೆಗಾಲ ತಡ. ನನ್ನ ಬಾಡಿಗೆಯ ಲೆಕ್ಕ
ತಲೆಯೊಳಗೆ ತಾನಾಗಿ ಓಡಿತು; ನಾಚಿಕೆಯಾಯಿತು, ನಿಲ್ಲಲಿಲ್ಲ.
ಐತಪ್ಪಣ್ಣನ ಹೆಸರೂ ಪಟ್ಟಿಯಲ್ಲುಂಟು. ಒಂಬತ್ತನೆಯದು.

ಜುಲೈಕಾ ಕೈ ಎತ್ತಿದಳು:
"ತೆಗೆದ ಮಣ್ಣು ಯಾರ ಮನೆ ಹತ್ತಿರ ಹಾಕ್ತಾರೆ?"
ಟೀಚರ್ ಉತ್ತರ ಶುರು ಮಾಡಿದರು, ಬಿಟ್ಟರು,
ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದರು.

ಸಂಜೆ ಬೆಂಗರೆಯ ಕಡೆಯಿಂದ ಮೋಡ ಎದ್ದಿತು.
ಹಲಗೆ ಇರುವುದು ಮಾಡಿಲ್ಲದ ಅರ್ಧದಲ್ಲಿ.
ಜುಲೈಕಾ ತನ್ನ ಕೊಡೆ ಬಿಡಿಸಿ ಅದಕ್ಕೆ ಕಟ್ಟಿದಳು.
ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನೆನೆದೇ ಹೋದೆವು.