ಬೆನ್ನು

ಹನ್ನೊಂದು ವರ್ಷ ನಾ ಕಂಡದ್ದು
ಕುಬಸದ ಮಾಸ್ತರ ಬೆನ್ನು.
ಜುಬ್ಬಾದ ಕಾಲರಿಗೆ ಹಾಕಿದ ಹೊಲಿಗಿ,
ಕಿವಿ ಹಿಂದಿನ ಮಚ್ಚಿ,
ತಾನ ಏರೂ ಮೊದಲು
ಒಮ್ಮೆ ಸೆಟಿಯೋ ಎಡ ಹೆಗಲು.

ತಂಬೂರಿ ಮೀಟೋ ಬೆರಳಿಗೆ
ಮುಖದ ಹಂಗಿಲ್ಲ.

ಮೊನ್ನೆ ಹುಬ್ಬಳ್ಳಿಯೊಳಗ, ಮಧುವಂತಿ ನಡುವ
ಕೆಮ್ಮು ಹತ್ತಿ
ಬೆನ್ನ ಹಿಂದ ಬಂತು ಅವರ ಅಂಗೈ,
ಕೈಗಡ ಕೇಳಿದ್ಹಂಗ.
ಹಾಡಿದೆ.
ಮಂದಿ ಚಪ್ಪಾಳಿ ಬಡದ್ರು. ಅವರು ಹೊಳ್ಳಿ ನೋಡಲಿಲ್ಲ.

ಧಾರವಾಡದ ಕಡೀ ಬಸ್ಸು.
ಯಾವತ್ತೂ ನನ್ನ ತೊಡಿಮ್ಯಾಗ ಇರೋ ತಂಬೂರಿ
ಅವತ್ತು ಅವರ ತೊಡಿಮ್ಯಾಗ.
ನವಲೂರ ದಾಟಿದ ಮ್ಯಾಲೆ ಅಂದ್ರು:
"ಗಂಧಾರ ಇನ್ನೂ ಹಸಿ ಐತಿ, ದಾನವ್ವ.
ನಾಳೆ ಐದಕ್ಕ ಬಾ."

ಕಿಟಕಿ ಗಾಜಿನ್ಯಾಗ
ಅವರ ಮುಖ ಇತ್ತು.
ನಾ ಬೀದಿ ದೀಪ ಎಣಿಸಿದೆ.